ಬಿಟ್ಟುಹೋದ ಅರ್ತ್ ಪಟ್ಟಿ, ಕಟ್ಟಿಸಿಕೊಂಡ ಡೈನಮೋ ಹಣ

ಇಂದ: ಲಾರಿ ಮಾಲೀಕ ಹಾಗೂ ಚಾಲಕ, ಮಂಡ್ಯ
ಗೆ: ವ್ಯವಸ್ಥಾಪಕರು, ಲಾರಿ ರಿಪೇರಿ ವರ್ಕ್‌ಶಾಪ್, ಮೈಸೂರು

ವಿಷಯ: ಗೇರ್‌ಬಾಕ್ಸ್ ಜೋಡಣೆಯಲ್ಲಿ ಆದ ಲೋಪ ಹಾಗೂ ಹಣ ವಾಪಸಾತಿ ಕುರಿತು

ಮಾನ್ಯರೇ,

ಆಲೆಮನೆಗಳಿಂದ ಬೆಂಗಳೂರಿಗೆ ಬೆಲ್ಲ ಸಾಗಿಸುವ ನನ್ನ ಹಳೆಯ ಲಾರಿಗೆ ತಮ್ಮಲ್ಲಿ ಓವರ್‌ಡ್ರೈವ್, ಅಂದರೆ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತು ತಿರುಗಿದರೆ ಸಾಕಾಗುವ ಗೇರ್, ಇರುವ ಗೇರ್‌ಬಾಕ್ಸ್ ಹಾಕಿಸಿದ್ದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಮೊದಲಿನ ಟಾಪ್ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಬೇಕಿದ್ದ ವೇಗಕ್ಕೆ ಈಗ 0.8ರ ಅನುಪಾತದಲ್ಲಿ 1600 ಸಾಕು. ಖಾಲಿ ಗಾಡಿಯಲ್ಲಿ ಹಿಂದಿರುಗುವಾಗ ಪಕ್ಕದಲ್ಲಿ ಕುಳಿತವರ ಮಾತು ಕೇಳಿಸುತ್ತದೆ. ಲೋಡ್ ತುಂಬಿದಾಗ ಏರಿನಲ್ಲಿ ಆ ಗೇರ್ ಮುಟ್ಟಬಾರದೆಂಬುದೂ ನನಗೆ ಗೊತ್ತು.

ಆದರೆ ಲಾರಿ ತಂದ ಮೂರನೇ ದಿನವೇ ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರು) ನರಳತೊಡಗಿತು. ರಾತ್ರಿ ಮದ್ದೂರು ದಾಟುವ ಹೊತ್ತಿಗೆ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿಯಂತಾಯಿತು. ಬ್ಯಾಟರಿ ಹೋಗಿದೆ ಎಂದು ತಮ್ಮವರು 9,600 ರೂಪಾಯಿಗೆ ಹೊಸದು ಹಾಕಿದರು. ವಾರದೊಳಗೆ ಮತ್ತೆ ಅದೇ ಪಾಡು. ಈ ಸಲ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋ ಹೋಗಿದೆ ಎಂದು ಹೊಸದಕ್ಕೆ 14,800. ಮೂರನೇ ಸಲ ಫೋನ್ ಮಾಡಿದರೆ, 'ಹಳೆಯ ಗಾಡಿಯಲ್ಲವೇ ಸ್ವಾಮಿ, ವೈರಿಂಗ್ ಪೂರಾ ಬದಲಾಯಿಸಿಬಿಡಿ' ಎಂಬ ಉತ್ತರ. ಇಷ್ಟಾದರೂ ಒಮ್ಮೆಯೂ ಮೀಟರ್ ಹಿಡಿದು ನೋಡಿದವರಿಲ್ಲ.

ಕೊನೆಗೊಂದು ಬೆಳಿಗ್ಗೆ ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್‌ನಿಂದ ಹೊಗೆ ಎದ್ದಿತು. ನಮ್ಮ ಮಂಡ್ಯದ ಎಲೆಕ್ಟ್ರಿಷಿಯನ್ ಅದನ್ನು ಕಂಡೊಡನೆ ಕೇಳಿದ್ದು, 'ಇತ್ತೀಚೆಗೆ ಗೇರ್‌ಬಾಕ್ಸ್ ಇಳಿಸಿದ್ದರೇ?' ಎಂದು. ಎಂಜಿನ್ ಓಡುವಾಗ ಡೈನಮೋದಲ್ಲಿ 14.2 ವೋಲ್ಟ್, ಬ್ಯಾಟರಿಯಲ್ಲಿ 12.4. ಬ್ಯಾಟರಿಯ ಮೈನಸ್‌ಗೂ ಎಂಜಿನ್ ಮೈಗೂ ಮೀಟರ್ ಇಟ್ಟರೆ ಸೊನ್ನೆಯ ಹತ್ತಿರ ಇರಬೇಕಾದ ಕಡೆ 1.8! ಗೇರ್‌ಬಾಕ್ಸ್‌ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಅರ್ತ್ ಪಟ್ಟಿಯನ್ನು ತಮ್ಮವರು ಬಿಚ್ಚಿದವರು ಮತ್ತೆ ಹಾಕಿಯೇ ಇರಲಿಲ್ಲ. ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿಯೇ ಆ ಪಟ್ಟಿ; ಅದಿಲ್ಲದೆ ಸೆಲ್ಫ್ ಎಳೆಯುವ ಅಷ್ಟೂ ಕರೆಂಟು ಕಡ್ಡಿಯಂಥ ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿದಿತ್ತು. 180 ರೂಪಾಯಿಯ ಪಟ್ಟಿ, ಅರ್ಧ ಗಂಟೆಯ ಕೆಲಸ. ಅಂದಿನಿಂದ ಬ್ಯಾಟರಿಗೆ 14 ವೋಲ್ಟ್ ತಲುಪುತ್ತಿದೆ. ಹಳೆಯ ಗಾಡಿಯ ಮೇಲೆ ಹೊರಿಸಿದ ತಪ್ಪು ಹೊಸ ಕೆಲಸದ್ದಾಗಿತ್ತು.

ಬ್ಯಾಟರಿ ಹಾಗೂ ಡೈನಮೋಗೆ ಪಡೆದ 24,400 ರೂಪಾಯಿಯನ್ನು, ಸುಟ್ಟ ಕೇಬಲ್‌ನ ಬೆಲೆಯನ್ನು ಹಿಂದಿರುಗಿಸಬೇಕು. ಹೊಸ ಭಾಗಗಳನ್ನು ತಾವೇ ತೆಗೆದುಕೊಳ್ಳಿ. ನನ್ನ ಹಳೆಯವು ತಮ್ಮ ಗೋದಾಮಿನಲ್ಲಿವೆ, ಅವು ನನಗೆ ಬೇಕು. ಮಾರಿಬಿಟ್ಟಿದ್ದರೆ ಅದನ್ನೂ ಬರೆದು ತಿಳಿಸಿ.

ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ವಾಣಿಜ್ಯ ವಾಹನವೆಂದು ಜಾರಿಕೊಳ್ಳಲು ನೋಡಬೇಡಿ: ಹೊಟ್ಟೆಪಾಡಿಗಾಗಿ ನಾನೇ ಓಡಿಸುವ ಒಂದೇ ಒಂದು ಲಾರಿ ಇದು.

ಎರಡು ಬಿಲ್‌ಗಳ ಪ್ರತಿ ಹಾಗೂ ಸುಟ್ಟ ಕೇಬಲ್‌ನ ಫೋಟೊ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಲಾರಿ ಮಾಲೀಕ