ಪತ್ತನಾಜೆಯಿಂದ ದೀಪಾವಳಿವರೆಗೆ ಚಾವಡಿಯಲ್ಲಿ ಪ್ರದರ್ಶನ ಇಲ್ಲ: ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕ ಬಂಧುಗಳೇ,

ನಮಸ್ಕಾರ. ಮಲ್ಪೆ ಬಳಿಯ ನಮ್ಮ ಹಳೆಮನೆಯ ಚಾವಡಿಯಲ್ಲಿ ಈವರೆಗೆ ವರ್ಷವಿಡೀ ತಿಂಗಳಿಗೊಂದರಂತೆ ಚಿತ್ರಪ್ರದರ್ಶನ ನಡೆಯುತ್ತಿತ್ತು. ಈ ವರ್ಷದಿಂದ ಆ ಕ್ರಮ ಬದಲಾಗುತ್ತಿದೆ. ಮೇ ಕೊನೆಗೆ ಬರುವ ಪತ್ತನಾಜೆಯಂದು ಚಾವಡಿಯ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ದೀಪಾವಳಿ ಕಳೆದ ಮೇಲೆ. ತೆರೆದಿರುವ ತಿಂಗಳುಗಳಲ್ಲೂ ಮೂರೇ ಪ್ರದರ್ಶನ, ಒಂದೊಂದೂ ಎರಡು ತಿಂಗಳಿನದು. ನಮ್ಮ ಕಲಾವಿದರ ಸಹಕಾರಿಯ ಸದಸ್ಯರೆಲ್ಲ ಕೂತು ಮಾತಾಡಿ ಮಾಡಿದ ತೀರ್ಮಾನವಿದು. ಇಷ್ಟು ವರ್ಷ ನಮ್ಮಿಂದ ಚಿತ್ರ ಕೊಂಡು ನಮ್ಮನ್ನು ನಡೆಸಿದವರು ನೀವು, ಆದ್ದರಿಂದ ಕಾರಣವನ್ನು ಬಿಡಿಸಿ ಹೇಳಬೇಕು.

ಮೊದಲ ಕಾರಣ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ಐದಕ್ಕೆ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಾಳಿಯ ತೇವಾಂಶ ಶೇ. 70 ದಾಟಿ ಹಾಗೇ ನಿಂತಿತೆಂದರೆ ಕಾಗದಕ್ಕೆ ಬೂಷ್ಟು ಬರುವುದನ್ನು ತಡೆಯುವುದು ಕಷ್ಟ. ಆಷಾಢದ ದಿನಗಳಲ್ಲಿ ನಮ್ಮ ಚಾವಡಿಯ ಗಾಳಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಜಲವರ್ಣದ ಚಿತ್ರವೊಂದನ್ನು ಗೋಡೆಯಿಂದ ಇಳಿಸಿ ಚೌಕಟ್ಟು ಬಿಚ್ಚಿ ನೋಡಿದರೆ ತಿಳಿಯುತ್ತದೆ: ಬಣ್ಣ ಮುಂದಿನಿಂದ ಹೊಸದರಂತೆಯೇ ಇರುತ್ತದೆ, ಹಿಂಬದಿಯ ರಟ್ಟು ಮಾತ್ರ ಕೈಗೆ ಮೆತ್ತಗೆ ಹತ್ತುತ್ತದೆ, ಕಾಗದದ ಅಂಚಿನಿಂದ ಕಂದು ಚುಕ್ಕೆಗಳು ಒಳಮುಖವಾಗಿ ಹೊರಟಿರುತ್ತವೆ. ಕಲಾವಿದರು ವಾರಗಟ್ಟಲೆ ಕೂತು ಮಾಡಿದ, ನೀವು ದುಡಿದ ಹಣ ಕೊಟ್ಟು ಕೊಳ್ಳುವ ವಸ್ತುವನ್ನು ಅಂಥ ಗೋಡೆಗೆ ತೂಗುಹಾಕುವುದು ಇನ್ನು ಬೇಡ ಎಂದು ಎಲ್ಲರೂ ಒಪ್ಪಿದೆವು.

ಹಾಗಾದರೆ ಕೋಣೆಗೆಲ್ಲ ಎಸಿ ಹಾಕಿಸಬಾರದೇ ಎಂದು ಕೆಲವರು ಕೇಳಿದ್ದೀರಿ. ಈ ಮನೆಗೆ ಅದು ಹೊಂದುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮರದ ದಳಿ, ಮಾಡನ್ನು ಹೊರುವ ಪಕ್ಕಾಸು, ರೀಪು, ಮೇಲೆ ಹಂಚು. ಇದು ಗಾಳಿ ಆಡಲೆಂದೇ ಕಟ್ಟಿದ ಮನೆ. ಯುರೋಪಿನಿಂದ ಬಂದ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳ ಮಾಡು ಹುಲ್ಲಿನಿಂದ ಹಂಚಿಗೆ ತಿರುಗಿತು. ನಮ್ಮ ಮಲ್ಪೆಯಲ್ಲೂ ಅವರ ಕಾರ್ಖಾನೆಯೊಂದಿತ್ತು. ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಹೋಗುವುದರಿಂದಲೇ ಏಪ್ರಿಲ್ ಮಧ್ಯಾಹ್ನ ಕೂಡ ಚಾವಡಿಯಲ್ಲಿ ಕೂರಬಹುದು. ಆ ಸಂದಿಗಳನ್ನೆಲ್ಲ ಮುಚ್ಚಿ, ಸೀಲಿಂಗ್ ಹೊಡೆಸಿ, ಯಂತ್ರ ಕೂರಿಸಿದರೆ ಉಳಿಯುವುದು ಯಾವ ಊರಿನಲ್ಲೂ ಇರಬಹುದಾದ ಒಂದು ಕೋಣೆ. ಚಿತ್ರಗಳನ್ನು ತೆಗೆದಿಡಲು ಉಪ್ಪರಿಗೆಯ ಒಂದು ಸಣ್ಣ ಕೋಣೆಗೆ ಮಾತ್ರ ತೇವ ಹೀರುವ ಯಂತ್ರ ತರಿಸಿದ್ದೇವೆ.

ಎರಡನೆಯ ಕಾರಣ ಗೋಡೆಗಳದು, ನಮಗೆ ಇದರಲ್ಲೇ ಹೆಚ್ಚು ಆಸೆ. ಮನೆ ನಮ್ಮ ಕೈಗೆ ಬರುವ ಎಷ್ಟೋ ಮೊದಲೇ ಯಾರೋ ಚಾವಡಿಯ ಒಳಗೋಡೆಗೆ ಸಿಮೆಂಟ್ ಗಾರೆ ಮಾಡಿಸಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಸಿದ್ದರು. ಮುರಕಲ್ಲು ನೀರನ್ನು ಕುಡಿಯುವ ಕಲ್ಲು, ಕುಡಿದದ್ದನ್ನು ಹೊರಗೆ ಬಿಡಲೂ ಬೇಕು. ಸಿಮೆಂಟ್ ಅದಕ್ಕೆ ದಾರಿ ಕೊಡುವುದಿಲ್ಲ. ತೇವ ಒಳಗೇ ಉಳಿದು, ಕಡಲ ಗಾಳಿಯ ಉಪ್ಪೂ ಸೇರಿ, ಬೇಸಿಗೆಯಲ್ಲಿ ಹರಳುಗಟ್ಟಿ ಗಾರೆಯನ್ನು ಹಪ್ಪಳೆ ಹಪ್ಪಳೆಯಾಗಿ ಎಬ್ಬಿಸುತ್ತದೆ. ಬಲಬದಿಯ ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರಿದ್ದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಅದು ಸುಣ್ಣವಲ್ಲ, ಉಪ್ಪು.

ಈ ಜೂನ್‌ನಲ್ಲಿ ಆ ಸಿಮೆಂಟನ್ನೆಲ್ಲ ಕೆತ್ತಿ ತೆಗೆದು, ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಹಳೆ ಕ್ರಮದ ಗಾರೆ ಹಾಕಿಸುತ್ತೇವೆ. ಕಾಗದಕ್ಕೆ ವೈರಿಯಾದ ಮಳೆಗಾಲ ಒಳಗೋಡೆಯ ಸುಣ್ಣಕ್ಕೆ ಒಳ್ಳೆಯದೇ. ಸುಣ್ಣದ ಗಾರೆ ಗಟ್ಟಿಯಾಗುವುದು ಒಣಗಿ ಅಲ್ಲ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು. ಅದಕ್ಕೆ ಹದವಾದ ತೇವ ಬೇಕು. ಬೇಸಿಗೆಯ ಬಿಸಿಗೆ ಅವಸರದಲ್ಲಿ ಒಣಗಿದರೆ ಬಿರಿಯುತ್ತದೆ. ಹೊರಗೋಡೆಯ ಕೆಲಸ ಮಳೆ ಹಿಂದೆ ಸರಿದ ಮೇಲೆ. ಸುಣ್ಣ ಮತ್ತು ಬಣ್ಣ ಒಂದಕ್ಕೊಂದು ಹೊಂದಿಕೊಂಡರೆ ಈ ಹವೆಯಲ್ಲೂ ಎಷ್ಟು ಬಾಳುತ್ತವೆ ಎಂಬುದಕ್ಕೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನಮ್ಮ ಎದುರಿಗಿದೆ. 1900ರ ಆಸುಪಾಸು ಇಟಲಿಯ ಆಂಟೋನಿಯೊ ಮೊಸ್ಕೇನಿ ಅಲ್ಲಿ ಹಸಿ ಗಾರೆಯ ಮೇಲೂ ಕ್ಯಾನ್ವಾಸಿನ ಮೇಲೂ ಬರೆದ ಚಿತ್ರಗಳನ್ನು ಇಂದಿಗೂ ನೋಡುತ್ತೇವೆ.

ಇನ್ನು ಪತ್ತನಾಜೆಯನ್ನೇ ಏಕೆ ಹಿಡಿದೆವು ಎಂದರೆ, ಈ ಊರಿನ ಲೆಕ್ಕ ಇರುವುದೇ ಹಾಗೆ. ಮೇ ಕೊನೆಯ ಆ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ನೇಮ ಕೋಲಗಳು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ದಡದಲ್ಲಿ ಬಲೆ ಹೆಣೆಯುವ ಕೆಲಸ ಜೋರಾಗುತ್ತದೆ. ನಮ್ಮ ಸದಸ್ಯರಲ್ಲಿ ಮೀನುಗಾರ ಮನೆಗಳವರೂ ಇದ್ದಾರೆ. ಕೂತು ಚಿತ್ರ ಬರೆಯಲು ಅವರಿಗೆ ಬಿಡುವು ಸಿಗುವುದೇ ಈ ಎರಡು ತಿಂಗಳಲ್ಲಿ. ತಿಂಗಳಿಗೊಂದು ಪ್ರದರ್ಶನದ ಅವಸರದಲ್ಲಿ ಈ ಬಿಡುವಿನ ಕೆಲಸಕ್ಕೆ ಜಾಗವೇ ಸಿಗುತ್ತಿರಲಿಲ್ಲ.

ದೀಪಾವಳಿಯ ನಂತರದ ಮೊದಲ ಪ್ರದರ್ಶನ ಕೈರಂಪಣಿಯ, ಅಂದರೆ ದಡದಿಂದ ಕೈಯಲ್ಲೇ ಬಲೆ ಎಳೆಯುವ ಮೀನುಗಾರಿಕೆಯ ಕುರಿತು. ದೋಣಿ ಬಲೆಯನ್ನು ಅರ್ಧಚಂದ್ರವಾಗಿ ಬಿಟ್ಟು ಬರುವುದು, ದಡದಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ಹಿಂದೆ ಹಿಂದೆ ಸರಿಯುವುದು, ಕೊನೆಗೆ ಬಲೆಯ ಹೊಟ್ಟೆಯಲ್ಲಿ ಬೂತಾಯಿ, ಬಂಗುಡೆ ಮಿಂಚುವುದು. 1970ರ ದಶಕದಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿ ಮರೆಗೆ ಸರಿಯಿತು, ಎಳೆದ ಕೈಗಳ ನೆನಪು ಇನ್ನೂ ಊರಿನಲ್ಲಿದೆ. ಇವು ಹೆಚ್ಚಾಗಿ ರೇಖಾಚಿತ್ರಗಳು. ಹೆಸರಾಂತ ಚಿತ್ರಕಲಾವಿದ, ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಹುಟ್ಟಿದ ಸೀಮೆಯಲ್ಲಿ ರೇಖೆಯ ಪ್ರದರ್ಶನ ಮಾಡುವಾಗ ಜವಾಬ್ದಾರಿ ಹೆಚ್ಚು ಎಂಬ ಅರಿವು ನಮಗಿದೆ. ಎರಡನೆಯದು ಅಳಿವೆ ಮತ್ತು ಅಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರ ಬದುಕು. ಮೂರನೆಯದು ಹಂಚಿನ ಮನೆಗಳು. ರಜೆಗೆ ಮುಂಬಯಿಯಿಂದ ಬರುವವರಿಗೆಂದೇ ಅದನ್ನು ಏಪ್ರಿಲ್–ಮೇ ತಿಂಗಳಿಗೆ ಇಟ್ಟಿದ್ದೇವೆ. ಕೃಷ್ಣಾಷ್ಟಮಿಗೆ, ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಉಡುಪಿಗೆ ಬಂದು ಹಾಗೇ ಇಲ್ಲಿಗೂ ಬರುತ್ತಿದ್ದವರಿಗೆ ಬೇಸರವಾದೀತು, ಅದು ನಮಗೂ ಬೇಸರವೇ.

ವಾರ್ಷಿಕ ಸದಸ್ಯತ್ವ ಪಡೆದವರ ಅವಧಿಯನ್ನು ಐದು ತಿಂಗಳು ಮುಂದಕ್ಕೆ ಹಾಕುತ್ತೇವೆ, ಹೆಚ್ಚುವರಿ ಹಣ ಕೊಡಬೇಕಿಲ್ಲ. ಮಾರಾಟದಲ್ಲಿ ಕಲಾವಿದರಿಗೆ ಸಲ್ಲುವ ಪಾಲಿನಲ್ಲೂ ಬದಲಾವಣೆ ಇಲ್ಲ. ಈಗಾಗಲೇ ಕೊಂಡ ಚಿತ್ರವನ್ನು ಮಳೆ ಮುಗಿದ ಮೇಲೆ ಒಯ್ಯುತ್ತೇವೆ ಎನ್ನುವವರು ತಿಳಿಸಿ, ಉಪ್ಪರಿಗೆಯ ಕೋಣೆಯಲ್ಲಿ ಜೋಪಾನವಾಗಿ ಇಡುತ್ತೇವೆ. ಮನೆಯಲ್ಲಿ ತೂಗುಹಾಕಿದವರು ಮಳೆಗಾಲದಲ್ಲಿ ಚಿತ್ರವನ್ನು ಹೊರಗೋಡೆಯಿಂದ ಒಳಗೋಡೆಗೆ ಬದಲಾಯಿಸಿ, ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ನಮ್ಮಲ್ಲಿಗೆ ತನ್ನಿ.

ಪ್ರದರ್ಶನ ಇಲ್ಲದ ತಿಂಗಳುಗಳಲ್ಲಿ ಕಲಾವಿದರ ಮನೆಯ ಖರ್ಚು ನಿಲ್ಲುವುದಿಲ್ಲ. ಮದುವೆ, ಗೃಹಪ್ರವೇಶಕ್ಕೆಂದು ಚಿತ್ರ ಬರೆಸುವ ಯೋಚನೆ ಇದ್ದವರು ಈ ಬಿಡುವಿನಲ್ಲೇ ಬರೆಸಿದರೆ ಅವರಿಗೆ ದೊಡ್ಡ ಆಸರೆ. ಆರ್ಡರುಗಳನ್ನು ಮೇ 15ರ ಒಳಗೆ ಚಾವಡಿಗೆ ಬಂದೋ ಫೋನ್ ಮಾಡಿಯೋ ಬರೆಸಿ, ದೀಪಾವಳಿಯ ಹೊತ್ತಿಗೆ ನಿಮ್ಮ ಕೈಸೇರುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಸಹಕಾರಿಯ ಎಲ್ಲ ಸದಸ್ಯ ಕಲಾವಿದರ ಪರವಾಗಿ