ಚೈನು ನನ್ನ ಹತ್ತಿರ ಇದೆ

ಪುಟ್ಟಿ,

ನೀನು ಸೈಕಲ್ಲಿಗೆ ಎಂಜಿನ್ ಕೂರಿಸಿ ಮಾಡುತ್ತಿರುವ ಬೈಕಿನ ಚೈನು ಕಳೆದಿಲ್ಲ. ಶೆಡ್ಡಿನಲ್ಲಿ, ಬೆಂಚಿನ ಕೆಳಗೆ, ಸೀಮೆಎಣ್ಣೆ ಡಬ್ಬದಲ್ಲಿದೆ. ನೀನು ಪುಣೆಗೆ ಹೊರಡುವ ಹಿಂದಿನ ರಾತ್ರಿ ನಾನೇ ಬಿಚ್ಚಿ ಇಟ್ಟೆ. ಊಟದ ಹೊತ್ತಿನಲ್ಲಿ ನಾವು ಆಡಿದ ಮಾತು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯುವುದು ಬೇಡ. ಹನ್ನೊಂದು ದಿನದಿಂದ ನೀನು ಅಮ್ಮನಿಗೆ ಮಾತ್ರ ಫೋನ್ ಮಾಡುತ್ತಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವತ್ತು ಹೇಳಬೇಕಾಗಿದ್ದ ಮಾತು. ನೀನು ಬೆಸೆದ ಪೆಟ್ರೋಲ್ ಟ್ಯಾಂಕ್ ತುಂಬಾ ಚೆನ್ನಾಗಿ ಬಂದಿದೆ. ನೀನು ಹೋದ ಮೇಲೆ ಅದಕ್ಕೆ ಸೀಮೆಎಣ್ಣೆ ತುಂಬಿಸಿ, ಹಳೇ ಪೇಪರ್ ಮೇಲೆ ರಾತ್ರಿಯೆಲ್ಲ ಇಟ್ಟಿದ್ದೆ. ಬೆಳಗ್ಗೆ ಪೇಪರ್ ಒಣಗಿದ ಹಾಗೇ ಇತ್ತು. ಒಂದು ಕಲೆ ಇಲ್ಲ. ನಿನ್ನ ತಾತ ಜಾವಾ ಫ್ಯಾಕ್ಟರಿಯಲ್ಲಿ, 1996ರಲ್ಲಿ ಅದು ಮುಚ್ಚುವವರೆಗೂ ದುಡಿದವರು. ಅವರಿದ್ದಿದ್ದರೆ ಆ ಟ್ಯಾಂಕನ್ನು ತೊಡೆ ಮೇಲಿಟ್ಟುಕೊಂಡು ಬೆಸುಗೆ ಮೇಲೆ ಬೆರಳಾಡಿಸುತ್ತಿದ್ದರು.

ಈಗ ನನ್ನ ಭಯ. 1912ರ ರೇಸ್ ಬೈಕ್ ಹೇಗಿತ್ತೋ ಹಾಗೇ ಇರಬೇಕು ಅಂತೀಯ. ಮಡ್‌ಗಾರ್ಡ್ ಬೇಡ, ಚೈನ್ ಕವರ್ ಬೇಡ, ಮುಂದಿನ ಬ್ರೇಕ್ ಬೇಡ. ಆಗಿನ ರೇಸ್ ಸವಾರರು ಓಡಿಸುತ್ತಿದ್ದದ್ದು ಮರದ ಹಲಗೆ ಜೋಡಿಸಿದ, ಗೋಡೆಯ ಹಾಗೆ ಓರೆಯಾಗಿದ್ದ ಟ್ರ್ಯಾಕಿನಲ್ಲಿ, ಬ್ರೇಕೇ ಇಲ್ಲದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನೆವಾರ್ಕ್‌ನಲ್ಲಿ ಎಡ್ಡಿ ಹಾಶಾ ಎಂಬ ಸವಾರ ರೇಸಿನಲ್ಲೇ ಸತ್ತ, ಟ್ರ್ಯಾಕಿನ ಅಂಚಿನಲ್ಲಿ ನಿಂತು ನೋಡುತ್ತಿದ್ದ ಹುಡುಗರೂ ಸತ್ತರು. ಇದನ್ನು ನನಗೆ ಓದಿ ಹೇಳಿದವಳು ನೀನೇ ಅಲ್ವಾ?

ನಿನ್ನ ಎಂಜಿನ್ 66 ಸಿಸಿ. ಅದರ ಜೋರೆಲ್ಲ ಹಿಂದಿನ ಚಕ್ರಕ್ಕೆ ಹೋಗುವುದು 44 ಹಲ್ಲಿನ ಆ ಸ್ಪ್ರಾಕೆಟ್ ಮೂಲಕ. ಅದು ಚಕ್ರದ ನಡುವಿನ ಹಬ್ಬಿನ ಮೇಲೆ ಕೂತಿಲ್ಲ. ಎರಡು ರಬ್ಬರ್ ಬಿಲ್ಲೆಗಳ ನಡುವೆ ಚಕ್ರದ ಕಡ್ಡಿಗಳನ್ನು ಹಿಡಿದುಕೊಂಡು ಒಂಬತ್ತು ಬೋಲ್ಟಿನಲ್ಲಿ ನಿಂತಿದೆ. ಸ್ವಲ್ಪ ಸೊಟ್ಟಗೆ ತಿರುಗಿದರೂ ಚೈನು ಎಗರುತ್ತದೆ, ಎಗರಿದ ಚೈನು ತನ್ನನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರನ್ನು ಎಳೆದುಕೊಂಡು ಕಡ್ಡಿಯೊಳಗೆ ನುಗ್ಗುತ್ತದೆ, ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ.

ಕಡ್ಡಿ ಅಂದರೆ ನನಗೆ ನಿನ್ನ ಹಿಮ್ಮಡಿ ನೆನಪಾಗುತ್ತದೆ. ನೀನು ಇವತ್ತಿಗೂ ಎಲ್ಲರಿಗೂ "ನಾನೇ ಕಾಲು ಕೊಟ್ಟೆ" ಅಂತ ಹೇಳುತ್ತೀಯ. ಐದು ವರ್ಷದ ಮಗು ನೀನು ಆಗ. ನೀನು ಕೊಡಲಿಲ್ಲ ಪುಟ್ಟಿ. ಅಮ್ಮನ ಆ ಸೈಕಲ್ಲಿಗೆ ಸೀರೆ ಗಾರ್ಡ್ ಇತ್ತು. ಒಂದು ಸ್ಕ್ರೂ ಬಿದ್ದುಹೋಗಿ ಲಟಲಟ ಅಂತಿತ್ತು ಅಂತ ಭಾನುವಾರ ನಾನೇ ಬಿಚ್ಚಿ ಅಟ್ಟದ ಮೇಲೆ ಹಾಕಿದೆ. ಸ್ಕ್ರೂ ತಂದು ಹಾಕಬೇಕಿತ್ತು. ಸೋಮವಾರ ತರಲಿಲ್ಲ. ಮಂಗಳವಾರ ಅಂಗಡಿ ಮುಂದೆಯೇ ಹೋದೆ, ನಿಲ್ಲಿಸಲಿಲ್ಲ. ಬುಧವಾರ ಮರೆತೆ. ಗುರುವಾರ ನಿನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ. ಪೆಡಲ್ ಇದ್ದಕ್ಕಿದ್ದ ಹಾಗೆ ಭಾರವಾಯಿತು. ನಾನು ಏರು ಅಂದುಕೊಂಡು ಇನ್ನೂ ಜೋರಾಗಿ ತುಳಿದೆ. ಇನ್ನೂ ಜೋರಾಗಿ. ಆಮೇಲೆ ನೀನು ಕಿರುಚಿದ್ದು ಕೇಳಿಸಿತು. ನಿನ್ನ ನೀಲಿ ಚಪ್ಪಲಿ ಕಡ್ಡಿಯಲ್ಲಿ ಮಡಚಿಕೊಂಡಿತ್ತು. ಗಾರ್ಡ್ ಬಿಚ್ಚಿದ್ದು ನಾನು ಅಂತ ಅಮ್ಮನಿಗೂ ಹೇಳಿಲ್ಲ. ಇವತ್ತು ನಿನಗೆ ಹೇಳುತ್ತಿದ್ದೇನೆ.

ನನ್ನ ಕಾಲಿಗಾದರೂ ಭಾರ ಅಂತ ಗೊತ್ತಾಯಿತು. ಎಂಜಿನ್ನಿಗೆ ಅದೂ ಗೊತ್ತಾಗುವುದಿಲ್ಲ.

ಆದ್ದರಿಂದ ಕೇಳು. ಮುಂದಿನ ಚಕ್ರಕ್ಕೆ ಬ್ರೇಕ್ ಹಾಕು, ಫೋಟೋದಲ್ಲಿ ಹೇಗೆ ಕಂಡರೂ ಸರಿ. ಮೊದಲ ಕೆಲವು ಟ್ಯಾಂಕು ಲೀಟರ್ ಪೆಟ್ರೋಲಿಗೆ 50 ಎಂಎಲ್ ಆಯಿಲ್ ಹಾಕು, ಜಾಸ್ತಿ ರೇಸ್ ಮಾಡಬೇಡ. ಒಂಬತ್ತು ಬೋಲ್ಟನ್ನೂ ಪ್ರತಿ ಸಲ ಓಡಿಸುವ ಮೊದಲು ಮುಟ್ಟಿ ನೋಡು. ರೋಡಿಗೆ ಇಳಿಸಬೇಡ. ಕಾನೂನಿನಲ್ಲಿ 25 ಸಿಸಿವರೆಗಿನದ್ದು ಮಾತ್ರ ಮೋಟಾರ್ ವಾಹನದ ಲೆಕ್ಕಕ್ಕೆ ಬರುವುದಿಲ್ಲ, ನಿನ್ನದಕ್ಕೆ ರಿಜಿಸ್ಟ್ರೇಷನ್ ಬೇಕು. ಅಜ್ಜಿ ಮನೆ ತೋಟದ ದಾರಿಯಲ್ಲಿ ಓಡಿಸು, ಅಲ್ಲಿ ನಾಯಿ ಬಿಟ್ಟರೆ ಯಾರೂ ಅಡ್ಡ ಬರುವುದಿಲ್ಲ. ಹೆಲ್ಮೆಟ್ ಹಾಕು. ಲಂಗದಲ್ಲಿ, ದುಪಟ್ಟಾದಲ್ಲಿ ಹತ್ತಲೇಬೇಡ. ಇಪ್ಪತ್ತಾರು ವರ್ಷದವಳಿಗೆ ಇದನ್ನೆಲ್ಲ ಹೇಳಬಾರದು ಅಂತ ಅಮ್ಮ ಬೈಯುತ್ತಾಳೆ. ಆದರೂ ಹೇಳುತ್ತೇನೆ.

ನಿನ್ನೆ ಗಾಡಿಯನ್ನು ತಲೆಕೆಳಗು ಮಾಡಿ, ಫ್ರೇಮಿಗೆ ಕೈ ಒತ್ತಿಟ್ಟು, ಸ್ಪ್ರಾಕೆಟ್ಟಿನ ಅಂಚಿಗೆ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿದೆ. ಸೊಟ್ಟಗಿದ್ದರೆ ಒಂದು ಕಡೆ ಮಾತ್ರ ಬಿಳಿ ಆಗಬೇಕು. ಸುತ್ತಲೂ ಒಂದೇ ಸಮನೆ ಬಿಳಿ ಗೆರೆ ಬಂತು. ಟೆನ್ಷನರನ್ನೂ ನೀನು ಸುಮ್ನೆ ಪಟ್ಟಿ ಬಿಗಿದು ನಿಲ್ಲಿಸಿಲ್ಲ, ಫ್ರೇಮಿಗೆ ಬೆಸುಗೆ ಹಾಕಿದ ತಗಡಿಗೆ ಕೂರಿಸಿದ್ದೀಯ. ಅದು ಜಾರುವ ದಾರಿಯೇ ಇಲ್ಲ. ಇದನ್ನು ನೋಡದೆ ಚೈನು ಬಿಚ್ಚಿದೆ. ಕೇಳದೆ ಬಿಚ್ಚಿದೆ. ತಪ್ಪಾಯಿತು ಮಗಳೇ.

ಹಿಂದಿನ ಚಕ್ರಕ್ಕೆ ಒಂದು ಗಾರ್ಡ್ ಮಾಡಿದ್ದೇನೆ. ತೆಳು ಸರಳು, ಕಪ್ಪು ಬಣ್ಣ. ನಾಲ್ಕು ಸ್ಕ್ರೂ, ನಾಲ್ಕೂ ತಂದಿಟ್ಟಿದ್ದೇನೆ. ಗಾಡಿಗೆ ಹಾಕಿಲ್ಲ. ನೀನು ನೋಡಿ ಹೇಳು.

ದಸರೆಗೆ ಬಂದಾಗ ಚೈನು ನೀನೇ ಹಾಕು. ಲಾಕ್ ಕ್ಲಿಪ್ಪು ಸಣ್ಣದು, ಕಳೆಯಬಾರದು ಅಂತ ಬೆಂಕಿಪೊಟ್ಟಣದಲ್ಲಿ ಹಾಕಿ ಅಮ್ಮನ ಕೈಗೆ ಕೊಟ್ಟಿದ್ದೇನೆ. ಹಾಕುವಾಗ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ, ಬಾಯಿ ಹಿಂದಕ್ಕೆ.

ಅಪ್ಪ