ತಿದ್ದಿದ ಫೋಟೊ ಜತೆ ಲೇಯರ್‌ಗಳನ್ನೂ ಹಂಚಿ

ಮಾನ್ಯ ಸಂಪಾದಕರೇ,

ಮಾಸಿದ, ಮಡಿಕೆ ಬಿದ್ದ, ಗೆದ್ದಲು ತಿಂದ ಹಳೆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಲು ಹವ್ಯಾಸಿಗಳು ಆನ್‌ಲೈನ್ ಗುಂಪು ಕಟ್ಟಿಕೊಂಡು ಕಲಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಒಬ್ಬರು ಅಜ್ಜ–ಅಜ್ಜಿಯ ಮದುವೆ ಫೋಟೊ ಹಾಕುತ್ತಾರೆ, ಇನ್ನೊಬ್ಬರು ತಿದ್ದಿ ಕಳಿಸುತ್ತಾರೆ, ಉಳಿದವರು ‘ಸೂಪರ್’ ಎಂದು ಸುಮ್ಮನಾಗುತ್ತಾರೆ. ಏನು ಮಾಡಿದ್ದಕ್ಕೆ ಹಾಗೆ ಸರಿಹೋಯಿತು ಎಂಬುದು ತಿದ್ದಿದವರಲ್ಲೇ ಉಳಿಯುತ್ತದೆ. ಪ್ರತಿ ತಿದ್ದುಪಡಿಯನ್ನೂ ಬೇರೆ ಬೇರೆ ಪದರಗಳಲ್ಲಿ (ಲೇಯರ್‌ಗಳಲ್ಲಿ) ಉಳಿಸಿದ ಫೈಲನ್ನೇ ಹಂಚಿಕೊಂಡರೆ ಮಾತ್ರ ಎಲ್ಲರೂ ಕಲಿತಾರು.

ಮೊದಲು ಮೂಲ ಫೈಲಿನ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, ಸೀರೆಯ ಅಂಚು, ಮುಂಗುರುಳಿನ ಎಳೆಗಳೆಲ್ಲ ಕಲಸಿಹೋಗುತ್ತವೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. 4×6 ಇಂಚಿನ ಪ್ರಿಂಟನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಸಿಗುತ್ತದೆ. ಗುಣಮಟ್ಟ ಕುಗ್ಗಿಸದೆ ಉಳಿಸುವ ಬಣ್ಣದ ಟಿಫ್ ಫೈಲ್ ಸುಮಾರು 26 ಎಂಬಿ ಆಗುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೊಕ್ಕೆ 1200 ಡಿಪಿಐ ಬೇಕು. ಸ್ಕ್ಯಾನರ್‌ನ ಶಾರ್ಪನಿಂಗ್ (ಅಂಚು ಮೊನಚಾಗಿಸುವ) ಆಯ್ಕೆಯನ್ನು ಆಫ್ ಮಾಡಿಡಿ, ಅದು ಗೀರುಗಳನ್ನೂ ಎದ್ದು ಕಾಣುವಂತೆ ಮಾಡುತ್ತದೆ.

ಜೇನುಗೂಡಿನಂಥ ಉಬ್ಬುಗಳಿರುವ ಕಾಗದದ ಹಳೆಯ ಸ್ಟುಡಿಯೊ ಪ್ರಿಂಟುಗಳು ಅನೇಕ ಮನೆಗಳಲ್ಲಿವೆ. ಇವನ್ನು ಸ್ಕ್ಯಾನ್ ಮಾಡಿದರೆ ಮುಖದ ತುಂಬ ಚುಕ್ಕಿಗಳ ಬಲೆ. ಸ್ಕ್ಯಾನರ್‌ನ ಬೆಳಕು ಒಂದೇ ಕಡೆಯಿಂದ ಬಿದ್ದು ಪ್ರತಿ ಉಬ್ಬಿಗೂ ನೆರಳು ಬೀಳುವುದೇ ಇದಕ್ಕೆ ಕಾರಣ. ಒಮ್ಮೆ ನೇರವಾಗಿ, ಇನ್ನೊಮ್ಮೆ ಪ್ರಿಂಟನ್ನು 180 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿ. ಫೋಟೊ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಎರಡನೆಯದನ್ನು ನೆಟ್ಟಗೆ ತಿರುಗಿಸಿ, ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರಿಸಿ, ಅದರ ಒಪಾಸಿಟಿಯನ್ನು (ಅಪಾರದರ್ಶಕತೆ) ಶೇ 50ಕ್ಕೆ ಇಳಿಸಿ. ಎದುರುಬದುರು ನೆರಳುಗಳು ಬಹುಪಾಲು ಒಂದನ್ನೊಂದು ಅಳಿಸುತ್ತವೆ. ಕೂದಲೆಳೆಯಷ್ಟು ಸರಿದಿದ್ದರೂ ಕಣ್ಣುಗಳು ಮಸುಕಾಗುತ್ತವೆ. ಜೂಮ್ 100ರಲ್ಲಿ ನೋಡಿಯೇ ಜೋಡಿಸಬೇಕು.

1970–80ರ ದಶಕದ ಬಣ್ಣದ ಫೋಟೊಗಳು ಕೆಂಪಗಾಗಲು ಅವುಗಳ ಮೂರು ವರ್ಣದ್ರವ್ಯಗಳಲ್ಲಿ ಸಯಾನ್ (ಹಸಿರು ಮಿಶ್ರಿತ ನೀಲಿ) ಬೇಗ ಮಾಸುವುದು ಮುಖ್ಯ ಕಾರಣ. ಇಂಥ ಫೋಟೊಕ್ಕೆ ಕಾಂಟ್ರಾಸ್ಟ್ ಏರಿಸಿದರೆ ಕೆಂಪು ಇನ್ನಷ್ಟು ರಾಚುತ್ತದೆ. ಬಿಳಿ ಅಂಚನ್ನು ಮೊದಲು ಕತ್ತರಿಸಿ, ಇಲ್ಲವಾದರೆ ಕಪ್ಪಿನಿಂದ ಬಿಳುಪಿನವರೆಗೆ ಯಾವ ಛಾಯೆ ಎಷ್ಟಿದೆ ಎಂದು ಗುಡ್ಡದಂತೆ ತೋರಿಸುವ ನಕ್ಷೆ (ಹಿಸ್ಟೊಗ್ರಾಂ) ದಾರಿ ತಪ್ಪಿಸುತ್ತದೆ. ಆಮೇಲೆ ‘ಲೆವೆಲ್ಸ್’ ತೆರೆದು ಕೆಂಪು, ಹಸಿರು, ನೀಲಿ ಚಾನಲ್‌ಗಳನ್ನು ಒಂದೊಂದಾಗಿ ಆರಿಸಿ, ಎಡ ಮತ್ತು ಬಲದ ತ್ರಿಕೋನಗಳನ್ನು ಗುಡ್ಡ ಶುರುವಾಗುವ, ಮುಗಿಯುವ ಜಾಗಕ್ಕೆ ಎಳೆಯಿರಿ. ಕೆಂಪು ಚಾನಲ್‌ನ ಗುಡ್ಡ ಬಲಕ್ಕೆ ಒತ್ತರಿಸಿಕೊಂಡಿರುತ್ತದೆ, ಹೆಚ್ಚು ಎಳೆಯಬೇಕಾದುದು ಅಲ್ಲಿಯೇ. ಬಿಳಿ ಪಂಚೆ ನೀಲಿಗೆ ತಿರುಗಿದರೆ ನೀಲಿ ಚಾನಲ್‌ನ ನಡುವಿನ ತ್ರಿಕೋನವನ್ನು ತುಸು ಬಲಕ್ಕೆ ಸರಿಸಿ. ಪರದೆಯನ್ನು ಹಳದಿಯಾಗಿಸುವ ಕಂಪ್ಯೂಟರಿನ ನೈಟ್ ಲೈಟ್ ಆನ್ ಆಗಿದ್ದರೆ ಬಣ್ಣ ತಿದ್ದಲು ಕೂರಲೇಬೇಡಿ.

ಗೀರುಗಳಿಗೆ ಲೇಯರ್‌ನ ನಕಲು ಮಾಡಿಕೊಂಡು ಹೀಲ್ (ಸುತ್ತಲಿನ ಬಣ್ಣಕ್ಕೆ ಬೆರೆಸಿ ಮುಚ್ಚುವ ಉಪಕರಣ) ಸಾಕು. ಬ್ರಷ್ ಗೀರಿಗಿಂತ ಸ್ವಲ್ಪವೇ ದಪ್ಪವಿರಲಿ. ಆದರೆ ಕೂದಲು ಗೋಡೆಗೆ ತಾಗುವ ಕಡೆ, ಜರಿ ಅಂಚಿನ ಬಳಿ ಹೀಲ್ ಕಪ್ಪನ್ನು ಬಿಳುಪಿಗೆ ಕಲಸಿಬಿಡುತ್ತದೆ. ಅಲ್ಲಿ ಒಂದು ಜಾಗವನ್ನು ಇದ್ದಂತೆಯೇ ನಕಲಿಸಿ ಹಚ್ಚುವ ಕ್ಲೋನ್ ಬಳಸಿ.

ಹಂಚುವಾಗ ಲೇಯರ್‌ಗಳನ್ನು ಉಳಿಸಿಕೊಳ್ಳುವ ಗಿಂಪ್‌ನ ಎಕ್ಸ್‌ಸಿಎಫ್ ಫೈಲ್ ಕೊಡಿ. ‘ಗೀರು’, ‘ಕೆನ್ನೆ ಕಲೆ’, ‘ಬಣ್ಣ’ ಎಂದು ಲೇಯರ್‌ಗಳಿಗೆ ಹೆಸರಿಡಿ. ಲೆವೆಲ್ಸ್‌ನಲ್ಲಿ ಕೊಟ್ಟ ಅಂಕಿಗಳನ್ನು ಬರೆದು ಕಳಿಸಿ. 2025ರಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್‌ಗಳನ್ನು ಲೇಯರ್ ಜತೆಗೇ ಉಳಿಸಿ, ಆಮೇಲೆ ತೆರೆದು ಬದಲಾಯಿಸಬಹುದು. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಹಾಗೆ ಉಳಿಸಿದ ಫೈಲ್ ಹಳೆಯ 2.10ರಲ್ಲಿ ತೆರೆಯದು, ಆದ್ದರಿಂದ ಗುಂಪಿನವರೆಲ್ಲ ಒಂದೇ ಆವೃತ್ತಿ ಹಾಕಿಕೊಳ್ಳಲಿ. ‘ಚೆನ್ನಾಗಿದೆ’ ಎನ್ನುವ ಬದಲು ‘ಎಡ ಭುಜದ ಹಿಂದೆ ಗೋಡೆಯ ಒಂದೇ ಕಲೆ ಎರಡು ಕಡೆ ಕಾಣುತ್ತಿದೆ, ಕ್ಲೋನ್ ಮಾಡುವ ಜಾಗ ಬದಲಿಸಿ’ ಎಂದು ಹೇಳಿದರೆ ಕೇಳಿದವರಿಗೂ ಓದಿದವರಿಗೂ ಉಪಯೋಗ.

ಇನ್ನೊಂದು ಮಾತು ಹೇಳದೆ ಇರಲಾಗದು. ಮುಖವನ್ನು ತಾನೇ ‘ಸ್ಪಷ್ಟ’ಗೊಳಿಸುವ ಎಐ ಆ್ಯಪ್‌ಗಳು ಈ ಗುಂಪುಗಳಿಗೆ ನುಗ್ಗಿವೆ. ಸ್ಕ್ಯಾನ್‌ನಲ್ಲಿ ಮುಖ ಅರುವತ್ತೇ ಪಿಕ್ಸೆಲ್ ಅಗಲವಿದ್ದರೆ ಅಲ್ಲಿ ಇಲ್ಲದ ರೆಪ್ಪೆಗೂದಲನ್ನು ಆ್ಯಪ್ ತಾನಾಗಿ ಹುಟ್ಟಿಸಬೇಕು. ಕಾಣುವುದು ಚೊಕ್ಕ ಮುಖವೇ, ಆದರೆ ಅದು ಆ ಅಜ್ಜಿಯದಲ್ಲ. ಮೊಮ್ಮಕ್ಕಳು ಅದನ್ನೇ ಅಜ್ಜಿ ಎಂದು ನಂಬಿ ಗೋಡೆಗೆ ಹಾಕಿಕೊಳ್ಳುತ್ತಾರೆ. ಬಳಸಿದವರು ಹಾಗೆಂದು ಬರೆಯಲಿ, ಮೂಲ ಸ್ಕ್ಯಾನನ್ನು ಜತೆಗಿಡಲಿ.

ಈ ಹವ್ಯಾಸಕ್ಕೆ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಳ್ಳಿಗಳಲ್ಲಿ ಸಿಗದಿರುವುದು ಒಳ್ಳೆಯ ಸ್ಕ್ಯಾನರ್. ತಾಲ್ಲೂಕು ಗ್ರಂಥಾಲಯಗಳಲ್ಲಿ, ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಒಂದನ್ನು ಇಟ್ಟು, ಜನ ಪೆಟ್ಟಿಗೆಯಲ್ಲಿಟ್ಟ ಫೋಟೊಗಳನ್ನು ತಂದು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಕೊಳ್ಳಲು ಸಂಬಂಧಪಟ್ಟ ಇಲಾಖೆಗಳು ಅವಕಾಶ ಕೊಡಬೇಕು.

– ಫೋಟೊ ಹವ್ಯಾಸಿ, ಶಿವಮೊಗ್ಗ